ಬಾಲವನದಲ್ಲಿ ಒಂದು ಮಧ್ಯಾಹ್ನ

ಮಂಗಳೂರಿನಿಂದ ಸುಬ್ರಹ್ಮಣ್ಯದ ಕಡೆಗೆ ಹೊರಟ ರೈಲುಬಂಡಿಯಿಂದ ನಾವು ಕಬಕ ಪುತ್ತೂರಿನಲ್ಲಿ ಇಳಿದಾಗ ಬಿಸಿಲು ಏರಿದ್ದಿತು. ಮಹಾಲಿಂಗೇಶ್ವರನ ದರ್ಶನವನ್ನು ಮುಗಿಸಿಕೊಂಡು, ಬಹುದಿನಗಳಿಂದ ನೋಡಬೇಕೆಂದಿದ್ದ ಬಾಲವನಕ್ಕೆ ಹೋದೆವು.

ಕೋಟ ಶಿವರಾಮ ಕಾರಂತರು (1902–1997) ಹಲವು ದಶಕಗಳ ಕಾಲ ಬಾಳಿ ಬರೆದ ಸ್ಥಳವಿದು. ಮಕ್ಕಳಿಗೆ ಆಟಪಾಟಗಳೊಡನೆ ವಿದ್ಯೆ ಕಲಿಸುವ ಪ್ರಯೋಗವನ್ನು ಇಲ್ಲಿ ನಡೆಸಿದುದರಿಂದ ಇದಕ್ಕೆ ಈ ಹೆಸರು. ಅವರ ಮನೆಯನ್ನು ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ. ಸುತ್ತಲೂ ಮರಗಳ ನೆರಳು. ನಾವು ಆ ನೆರಳಿನಲ್ಲಿ ಬಹಳ ಹೊತ್ತು ಕುಳಿತೆವು.

ಕಾದಂಬರಿಕಾರನು ತನ್ನ ಹೊಸ ಪುಸ್ತಕದ ವಿಷಯವಾಗಿಯೂ ಅದನ್ನು ಬರೆದ ಬಗೆಯ ವಿಷಯವಾಗಿಯೂ ತಾನೇ ಮಾತನಾಡುವುದು ಆತ್ಮಪ್ರಶಂಸೆಯೆಂದು ನಾವು ಮೊದಲು ಎಣಿಸಿದ್ದೆವು. ಕಾಳಿದಾಸನು ತನ್ನ ಊರನ್ನಾದರೂ ಹೇಳಿದನೆ? ಆದರೆ ಬಾಣಭಟ್ಟನು ಹೇಳಿದನು. ಕನ್ನಡದ ಈ ಸಾಹಿತ್ಯಪ್ರಕಾರಕ್ಕೆ ಹೆಸರನ್ನು ಕೊಟ್ಟುದೇ ಆತನ ‘ಕಾದಂಬರಿ’. ತನ್ನ ‘ಹರ್ಷಚರಿತ’ದ ಆರಂಭದಲ್ಲಿ ಅವನು ತನ್ನ ತಬ್ಬಲಿತನವನ್ನೂ ಅಲೆದಾಟವನ್ನೂ ಮುಚ್ಚುಮರೆಯಿಲ್ಲದೆ ಬರೆದು, ಜೊತೆಗಿದ್ದ ಗೆಳೆಯರನ್ನೆಲ್ಲ ಎಣಿಸಿದ್ದಾನೆ: ವಿಷವೈದ್ಯ, ಅಕ್ಕಸಾಲಿ, ಮೃದಂಗ ಬಾರಿಸುವವನು. ಕಾರಂತರೂ ಹಾಗೆಯೇ. 1948ರ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂಬ ಆತ್ಮಕಥೆಯಲ್ಲಿ, ಗಾಂಧೀಜಿಯವರ ಕರೆಗೆ ಓಗೊಟ್ಟು ಕಾಲೇಜನ್ನು ಬಿಟ್ಟುದು ಮೊದಲಾಗಿ ತಾವು ಕೈಯಿಟ್ಟ ಕೆಲಸಗಳ ಸೋಲುಗೆಲವುಗಳನ್ನು ಹೇಳಿಕೊಂಡರು. ಅದನ್ನು ಓದಿದವರಿಗೆ, ಅವರ ಕಾದಂಬರಿಗಳ ಜನರು ಕುರ್ಚಿಯ ಮೇಲೆ ಕುಳಿತು ಕಲ್ಪಿಸಿದವರಲ್ಲ, ನಡೆದು ಕಂಡವರು ಎಂಬುದು ತಿಳಿಯುತ್ತದೆ.

ಇದನ್ನು ನಾವು ತಡವಾಗಿ ತಿಳಿದೆವು. ಅಧ್ಯಾಪಕರಾಗಿದ್ದ ಕಾಲದಲ್ಲಿ ಒಂದು ದಿನ ಬಾಣನ ಗೆಳೆಯರ ಪಟ್ಟಿಯನ್ನೇ ಪಾಠ ಹೇಳುತ್ತಿದ್ದೆವು. ಹಿಂದಿನ ಬೆಂಚಿನ ಹುಡುಗನೊಬ್ಬನು ತೊಡೆಯ ಮೇಲೆ ಪುಸ್ತಕವನ್ನಿಟ್ಟು ಓದುತ್ತಿದ್ದನು. ಕಿತ್ತುಕೊಂಡು ನೋಡಲು, ಕಾರಂತರ ‘ಚೋಮನ ದುಡಿ’ (1933). ಅಸ್ಪೃಶ್ಯನೆಂಬ ಕಾರಣದಿಂದ, ಎತ್ತುಗಳಿದ್ದರೂ ಉಳಲು ಒಂದು ತುಂಡು ಭೂಮಿ ದೊರೆಯದೆ, ದುಡಿಯನ್ನು ಬಡಿಯುತ್ತ ಬಡಿಯುತ್ತ ಪ್ರಾಣಬಿಟ್ಟ ಚೋಮನ ಕಥೆ. ಹುಡುಗನು ಕೂಲಿಯವರ ಮನೆಯವನು. ಸಂಜೆ ಪುಸ್ತಕವನ್ನು ಹಿಂದಿರುಗಿಸಿದೆವು; ಪಾಠದ ಹೊತ್ತಿನಲ್ಲಿ ಕಥೆ ಸಲ್ಲದೆಂದು ಬುದ್ಧಿಯನ್ನೂ ಹೇಳಿದೆವು. ಅದರಲ್ಲಿ ನಿನಗೇನು ಕಂಡಿತೆಂದು ಮಾತ್ರ ಕೇಳಲಿಲ್ಲ. ಸಾವಿರ ವರ್ಷಗಳಿಗೂ ಹಿಂದಿನ ಮೃದಂಗದವನ ಹೆಸರನ್ನು ಬಾಯಿಪಾಠ ಮಾಡಿಸಿದ ನಾವು, ನೆರೆಯಲ್ಲಿಯೇ ಬಡಿದ ದುಡಿಗೆ ಕಿವಿಗೊಡಲಿಲ್ಲ.

1968ರಲ್ಲಿ ಪ್ರಕಟವಾದ ‘ಮೂಕಜ್ಜಿಯ ಕನಸುಗಳು’ ಕಾರಂತರಿಗೆ 1977ರ ಜ್ಞಾನಪೀಠವನ್ನು ತಂದಿತು. ಆ ಕೀರ್ತಿಯನ್ನು ನೆನೆದು ಬಾಲವನಕ್ಕೆ ಬರುವವರು ಉಂಟು. ನಮಗಾದರೋ ಅಲ್ಲಿ ಆ ಹುಡುಗನ ಬಗ್ಗಿದ ತಲೆಯೇ ಕಣ್ಣಮುಂದೆ ನಿಂತಿತು. ಅವನು ಈಗ ಎಲ್ಲಿರುವನೋ ಅರಿಯೆವು.

ಹೊತ್ತು ಇಳಿಯಲು ನಾವು ಎದ್ದು ನಿಲ್ದಾಣದ ದಾರಿ ಹಿಡಿದೆವು. ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ: ಮನೆಯ ಮಕ್ಕಳ ಕೈಯಲ್ಲಿ ಕಾದಂಬರಿಯನ್ನು ಕಂಡಾಗ, ಕಸಿದುಕೊಳ್ಳುವ ಮುನ್ನ, ಅದರಲ್ಲಿ ಏನಿದೆಯೆಂದು ಒಮ್ಮೆ ಕೇಳಿರಿ.