ಹಾಜರಿ ಪಟ್ಟಿ

ಹಳೆಯ ಸಹಪಾಠಿಗಳಿಬ್ಬರು ಬಹುದಿನದ ಮೇಲೆ ಕಲೆತರೆ ಮಾತು ಸಾಗುವ ಹಾದಿ ಒಂದೇ. ಮೊದಲು ಮಂಡಿನೋವು, ಆಮೇಲೆ ರಕ್ತದ ಸಕ್ಕರೆ, ಅದೂ ಮುಗಿದ ಮೇಲೆ "ಅವನು ಈಗ ಎಲ್ಲಿದ್ದಾನೆ?" ಎಂಬ ಪ್ರಶ್ನೆ. ಎಲ್ಲಿದ್ದಾನೆ ಎಂದು ಬಾಯಿ ಕೇಳಿದರೂ ಕಿವಿಗೆ ಬೇಕಾದದ್ದು ಊರಲ್ಲ, ಹುದ್ದೆ. "ಹೈದರಾಬಾದಿನಲ್ಲಿದ್ದಾನೆ" ಎಂದು ಅಷ್ಟಕ್ಕೇ ನಿಲ್ಲಿಸಿ ನೋಡಿ. ಏರಿದ ಹುಬ್ಬು ಇಳಿಯುವುದೇ ಇಲ್ಲ. "ಅಲ್ಲಿ ಜನರಲ್ ಮ್ಯಾನೇಜರಾಗಿ ನಿವೃತ್ತನಾದ" ಎಂದ ಮೇಲೆಯೇ ಕೇಳಿದವನಿಗೆ ಕಾಫಿ ರುಚಿಸುವುದು.

ನಾವು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿದವರು. ಸೇರಿದಾಗ ಕಾಲೇಜು ಮೈಸೂರು ವಿಶ್ವವಿದ್ಯಾಲಯದ್ದು. ಓದುತ್ತಿರುವಾಗಲೇ, 1964ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯ ಹುಟ್ಟಿ ಕಾಲೇಜು ಅದರ ಮಡಿಲಿಗೆ ಬಿತ್ತು. ಕುಳಿತ ಬೆಂಚಿನಿಂದ ಏಳದೆ ಎರಡು ವಿಶ್ವವಿದ್ಯಾಲಯಗಳನ್ನು ಕಂಡ ಭಾಗ್ಯ ನಮ್ಮದು. ತರಗತಿಯಲ್ಲಿ 46 ಮಂದಿ. ಹಾಜರಿ ಕೂಗುತ್ತಿದ್ದದ್ದು ಹೆಸರಿನಿಂದಲ್ಲ, ನಂಬರಿನಿಂದ. 1ರಿಂದ 8 ಹುಡುಗಿಯರು, ಉಳಿದದ್ದೆಲ್ಲ ನಾವು. ಇಂದಿಗೂ ನಮ್ಮಲ್ಲಿ ಒಬ್ಬರಿಗೊಬ್ಬರ ಹೆಸರಿಗಿಂತ ನಂಬರೇ ಮೊದಲು ನೆನಪಿಗೆ ಬರುತ್ತದೆ. ಇಲ್ಲಿಯೂ ಅದನ್ನೇ ಬಳಸುತ್ತೇನೆ. ಯಾರ ಮರ್ಯಾದೆಗೂ ಕುಂದಿಲ್ಲ.

ಕೆಲವು ವರ್ಷಗಳ ಕೆಳಗೆ 27ನೇ ನಂಬರಿನವನಿಗೆ ಎಲ್ಲರ ವಿಳಾಸವನ್ನೂ ಕಲೆಹಾಕುವ ಹುಚ್ಚು ಹಿಡಿಯಿತು. ಲೆಕ್ಕಪತ್ರದ ಕಚೇರಿಯಲ್ಲಿ ಬಾಳು ಸವೆಸಿದವನು. ದೊಡ್ಡ ಕಾಗದಕ್ಕೆ ಕೆಂಪು ಮಸಿಯಲ್ಲಿ ಗೆರೆ ಎಳೆದು ಐದು ಕಾಲಂ ಮಾಡಿದ: ನಂಬರು, ಹೆಸರು, ಹುದ್ದೆ, ವಿಳಾಸ, ಷರಾ. ಷರಾ ಇಲ್ಲದ ಕಾಗದವನ್ನು ಅವನು ಕಾಗದವೆಂದು ಒಪ್ಪುವುದಿಲ್ಲ.

ಗಂಡಸರ ಸಾಲುಗಳು ಮೂರು ತಿಂಗಳಲ್ಲಿ ತುಂಬಿದವು. ಓದುತ್ತ ಹೋದರೆ ಅದು ನಮ್ಮ ಚರಿತ್ರೆಗಿಂತ ಹೆಚ್ಚಾಗಿ ಬೆಂಗಳೂರಿನ ಚರಿತ್ರೆ. 1948ರ ಐ.ಟಿ.ಐ., 1953ರ ಎಚ್.ಎಂ.ಟಿ., 1954ರ ಬಿ.ಇ.ಎಲ್. – ಈ ಮೂರೇ ಸೇರಿ ನಮ್ಮಲ್ಲಿ ಹನ್ನೊಂದು ಜನರನ್ನು ನುಂಗಿದ್ದವು. ಕಾರ್ಖಾನೆಯ ಬಸ್ಸಿಗಾಗಿ ಮುಂಜಾವದ ಮಂಜಿನಲ್ಲಿ ಬುತ್ತಿ ಹಿಡಿದು ನಿಂತು ಮೂವತ್ತು ವರ್ಷ ಕಳೆದವರು ಅವರು. ಬ್ಯಾಂಕಿಗೆ ಹೋದವರು 1969ರ ಜುಲೈನಲ್ಲಿ ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣವಾದಾಗ ರಾತ್ರಿ ಬೆಳಗಾಗುವುದರಲ್ಲಿ ಸರ್ಕಾರದ ಅಳಿಯಂದಿರಾದರು; ಅಳಿಯತನದ ಬೆಲೆಯಾಗಿ ಹಳ್ಳಿಹಳ್ಳಿಯ ಹೊಸ ಶಾಖೆಗಳಿಗೆ ವರ್ಗವಾಗಿ ಅಲೆದರು. 1965ರಲ್ಲಿ ಅಮೆರಿಕ ತನ್ನ ವಲಸೆ ಕಾನೂನನ್ನು ಬದಲಿಸಿ ದೇಶವಾರು ಕೋಟಾವನ್ನು ತೆಗೆದದ್ದೇ ತಡ, ಮುಂದಿನ ಕೆಲವು ವರ್ಷಗಳಲ್ಲಿ ಐವರು ಹಡಗೋ ವಿಮಾನವೋ ಹತ್ತಿದರು. 33ನೆಯವನು ಪೀಣ್ಯದ ಶೆಡ್ಡುಗಳಲ್ಲಿ ಆರ್ಯಭಟ ಉಪಗ್ರಹವನ್ನು ಕಟ್ಟಿದ ಗುಂಪಿನಲ್ಲಿದ್ದ. 1975ರ ಏಪ್ರಿಲ್ 19ರಂದು ಅದು ಸೋವಿಯತ್ ನೆಲದಿಂದ ಮೇಲೇರಿದಾಗ ಅವನಿಗೆ ಮೂರು ರಾತ್ರಿಯ ನಿದ್ದೆ ಬಾಕಿಯಿತ್ತಂತೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಎರಡು ಗ್ಯಾಲ್ವನೋಮೀಟರುಗಳನ್ನು ಸುಟ್ಟವನು ಅವನೇ. 19ನೆಯವನ ಕೈಯಲ್ಲಿ ಅವನೇ ಜೋಡಿಸಿದ ಎಚ್.ಎಂ.ಟಿ. ಗಡಿಯಾರ ಈಗಲೂ ನಡೆಯುತ್ತಿದೆ; ಆ ಗಡಿಯಾರದ ಕಂಪನಿಯನ್ನು ಮುಚ್ಚಲು ಸರ್ಕಾರ 2016ರಲ್ಲಿ ತೀರ್ಮಾನಿಸಿತು.

ಆದರೆ ಪಟ್ಟಿಯ ನೆತ್ತಿಯ ಮೇಲಿನ ಎಂಟು ಸಾಲುಗಳು ಬರಿದಾಗಿಯೇ ಇದ್ದವು. ಷರಾದಲ್ಲಿ ಎಂಟು ಸಲ ಒಂದೇ ಮಾತು: ಮಾಹಿತಿ ಇಲ್ಲ.

ಗಂಡಸನ್ನು ಹುಡುಕುವುದು ಸುಲಭ. ಇನಿಷಿಯಲ್ ಬದಲಾಗುವುದಿಲ್ಲ, ಬಿಟ್ಟ ಕಚೇರಿಯಲ್ಲಿ ಕೇಳಿದರೆ ಪಿಂಚಣಿ ಹೋಗುವ ಊರು ತಿಳಿಯುತ್ತದೆ. ಹೆಂಗಸಿನ ಇನಿಷಿಯಲ್ಲೂ ಬದಲು, ಊರೂ ಬದಲು. ಕೆಲವರ ಮನೆತನದಲ್ಲಿ ಮದುವೆಯ ದಿನ ಹೆಸರೇ ಬದಲು. ಮನೆಗೆ ಟೆಲಿಫೋನು ಬಂದ ಕಾಲದಲ್ಲಿ ಡೈರೆಕ್ಟರಿಯಲ್ಲಿ ಅಚ್ಚಾದದ್ದು ಗಂಡನ ಹೆಸರು. ಮೇಲಾಗಿ ನಮಗೆ ಅವರ ಪರಿಚಯವಾದರೂ ಎಷ್ಟಿತ್ತು? ಅವರು ಲೇಡೀಸ್ ರೂಮಿನಲ್ಲಿ ಕಾದಿದ್ದು ಲೆಕ್ಚರರ ಹಿಂದೆ ಸಾಲಾಗಿ ಬರುವರು, ಗಂಟೆ ಹೊಡೆದರೆ ಅವರ ಹಿಂದೆಯೇ ಹೊರಡುವರು. ಮೂರು ವರ್ಷದಲ್ಲಿ ನಾನು ಒಬ್ಬರೊಡನೆ ಆಡಿದ ಮಾತು "ರೆಕಾರ್ಡ್ ಪುಸ್ತಕ ನಿಮ್ಮದೇ?" ಎಂಬುದೊಂದೇ. ಅದು ಅವರದಾಗಿರಲಿಲ್ಲ.

27ನೆಯವನು ಯಾರನ್ನು ಕೇಳಿದರೂ ಉತ್ತರ ಒಂದೇ ಬಂತು: "ಮದುವೆಯಾಗಿ ಹೋದರು." ಈ ಮಾತನ್ನು ಕನ್ನಡದಲ್ಲಿ ನಾವು ದಿನವೂ ಆಡುತ್ತೇವೆ. ಗಂಡು ಮದುವೆಯಾಗುತ್ತಾನೆ, ಹೆಣ್ಣು ಮದುವೆಯಾಗಿ ಹೋಗುತ್ತಾಳೆ. ಆ "ಹೋದರು" ಎಂಬಲ್ಲಿಗೆ ಕಡತ ಮುಕ್ತಾಯ.

ನಮ್ಮ ಕಾಲೇಜಿನ ಹೆಣ್ಣುಮಕ್ಕಳೆಂದರೆ ಎಲ್ಲರೂ ರಾಜೇಶ್ವರಿ ಚಟರ್ಜಿಯವರನ್ನು ಹೇಳುತ್ತಾರೆ. ಹೇಳಬೇಕಾದದ್ದೇ. ಅಲ್ಲಿ ಗಣಿತದಲ್ಲಿ ಎಂ.ಎಸ್ಸಿ. ಮಾಡಿ, 1940ರ ದಶಕದಲ್ಲಿಯೇ ಅಮೆರಿಕದ ಮಿಷಿಗನ್ನಿಗೆ ಹೋಗಿ ಓದಿ ಬಂದು, ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಮೈಕ್ರೋವೇವ್ ವಿಜ್ಞಾನ ಕಲಿಸಿದವರು. ಆದರೆ ಒಬ್ಬರ ಹೆಸರನ್ನು ಗಟ್ಟಿಯಾಗಿ ಹೇಳಿಬಿಟ್ಟರೆ ಉಳಿದವರನ್ನು ಕೇಳುವ ತೊಂದರೆ ತಪ್ಪುತ್ತದೆ ಎಂಬ ಅನುಕೂಲವೂ ಅದರಲ್ಲಿದೆ. ಸರ್ಕಾರದ ನಡೆ ಹೇಗಿತ್ತೆಂದರೆ, ವಿದೇಶಾಂಗ ಸೇವೆಯಲ್ಲಿದ್ದ ಹೆಂಗಸು ಮದುವೆಯಾಗುವ ಮುಂಚೆ ಲಿಖಿತ ಅನುಮತಿ ಪಡೆಯಬೇಕಿತ್ತು. ಮದುವೆಯಾದ ಮೇಲೆ ರಾಜೀನಾಮೆ ಕೇಳುವ ಅಧಿಕಾರವನ್ನೂ ಸರ್ಕಾರ ಇಟ್ಟುಕೊಂಡಿತ್ತು. ಕೊಡಗಿನ ಸಿ.ಬಿ. ಮುತ್ತಮ್ಮನವರು ನ್ಯಾಯಾಲಯದ ಮೆಟ್ಟಿಲೇರಿ, ಸುಪ್ರೀಂ ಕೋರ್ಟು ಆ ನಿಯಮವನ್ನು ಝಾಡಿಸಿದ್ದು 1979ರಲ್ಲಿ. ಅಷ್ಟು ಹೊತ್ತಿಗೆ ನಮ್ಮ ಎಂಟು ಮಂದಿಯ ಮಕ್ಕಳು ಮಗ್ಗಿ ಕಲಿಯುತ್ತಿದ್ದರು.

ಕಡೆಗೆ ದಾರಿ ತೆರೆದದ್ದು ಬಸವನಗುಡಿಯ ಒಂದು ಮದುವೆ ಮನೆಯಲ್ಲಿ. ಊಟದ ಪಂಕ್ತಿಯಲ್ಲಿ 27ನೆಯವನ ಎದುರಿಗೆ ಕುಳಿತಿದ್ದಾಕೆ ಅವನನ್ನು ನೋಡಿ, "ನೀವು ಟ್ವೆಂಟಿ ಸೆವೆನ್ ಅಲ್ಲವೆ?" ಎಂದರು. ಆಕೆ 2ನೇ ನಂಬರು. ಇವನು ಹೋಳಿಗೆ ಬಿಟ್ಟು ಪಟ್ಟಿಯ ಕಥೆ ಹೇಳಿದ. ಅವರು ಕೇಳಿ ನಕ್ಕರಂತೆ. ಎಂಟು ಮಂದಿಯೂ ಇನ್‌ಲ್ಯಾಂಡ್ ಕಾಗದದಲ್ಲಿ ಒಬ್ಬರಿಗೊಬ್ಬರು ಬರೆದುಕೊಳ್ಳುತ್ತಲೇ ಇದ್ದರು. ದೀಪಾವಳಿಗೊಂದು, ಮನೆ ಬದಲಾಯಿಸಿದಾಗಲೊಂದು. ನಮ್ಮ ಸಮಾಚಾರವೂ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. "31ನೆಯವರು ತೀರಿಹೋದರೆಂದು ಬರೆದುಕೊಂಡಿದ್ದೀರಾ? ಹೋದ ವಾರ ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ಚೌಕಾಸಿ ಮಾಡುತ್ತಿದ್ದರಲ್ಲ!" ಎಂದರು. ಷರಾ ತಿದ್ದಲಾಯಿತು.

2ನೆಯವರು ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತರಾದವರು. 5ನೆಯವರು ಬ್ಯಾಂಕೊಂದರಲ್ಲಿ ಐದು ವರ್ಷ ಇದ್ದು, ಗಂಡನಿಗೊಂದು ದಿಕ್ಕು ತಮಗೊಂದು ದಿಕ್ಕು ವರ್ಗವಾದಾಗ ಬಿಟ್ಟರು. ಯಾರು ಬಿಡಬೇಕೆಂಬ ಚರ್ಚೆಯೇ ಮನೆಯಲ್ಲಿ ಆಗಲಿಲ್ಲವಂತೆ. 6ನೆಯವರು ಗಂಡ ಸತ್ತ ಮೇಲೆ ಅವನ ಮುದ್ರಣಾಲಯವನ್ನು ಇಪ್ಪತ್ತು ವರ್ಷ ನಡೆಸಿ, ಲಾಭದಲ್ಲಿ ಮಾರಿದರು. 8ನೆಯವರು ಇಲ್ಲ.

ನಾನು ಕೇಳಬೇಕೆಂದಿದ್ದದ್ದು 4ನೆಯವರ ಸುದ್ದಿ. ಒಮ್ಮೆ ಲೆಕ್ಚರರು ಕ್ಯಾಲ್ಕುಲಸ್ಸಿನ ಲೆಕ್ಕವೊಂದನ್ನು ಹಲಗೆಯ ತುಂಬ ಮಾಡಿ ಬೆವರು ಒರೆಸಿಕೊಳ್ಳುತ್ತಿದ್ದಾಗ, ಆಕೆ ಎದ್ದು ಮೆಲ್ಲಗೆ, "ಸಾರ್, ಎರಡು ಸಾಲಿನಲ್ಲಿ ಆಗುತ್ತದೆ" ಎಂದಿದ್ದರು. ಆಯಿತು ಕೂಡ. ಲೆಕ್ಚರರು ದೊಡ್ಡ ಮನುಷ್ಯರು; ತಮ್ಮದನ್ನು ಅಳಿಸಿ ಅದನ್ನೇ ಬರೆದುಕೊಳ್ಳಲು ಹೇಳಿದರು. ನಾವು ಮೂವತ್ತೆಂಟು ಗಂಡಸರೂ ತಲೆ ತಗ್ಗಿಸಿ ಬರೆದುಕೊಂಡೆವು.

ನಂಬರು ಸಿಕ್ಕಿದ ಮೇಲೆ ನಾನೂ 27ನೆಯವನೂ ಕುಳಿತು ಫೋನು ಮಾಡಿದೆವು. ದನಿ ಹಾಗೆಯೇ ಇತ್ತು, ಮೆಲ್ಲಗೆ. ಗಂಡನಿಗೆ ರೈಲ್ವೆಯಲ್ಲಿ ಕೆಲಸ. ಅರಸೀಕೆರೆ, ಗುಂತಕಲ್ಲು, ಹುಬ್ಬಳ್ಳಿ – ಒಂದೊಂದು ಜಂಕ್ಷನ್ನಿನಲ್ಲಿ ಮೂರು ಮೂರು ವರ್ಷ. ಕ್ವಾರ್ಟರ್ಸಿನ ಮಕ್ಕಳಿಗೆ ಸಂಜೆ ಲೆಕ್ಕ ಹೇಳಿಕೊಡುತ್ತಿದ್ದರು; ಗೂಡ್ಸ್ ಗಾಡಿ ಹಾದುಹೋಗುವಷ್ಟು ಹೊತ್ತು ಪಾಠ ನಿಲ್ಲಿಸಿ ಮತ್ತೆ ಮುಂದುವರಿಸುತ್ತಿದ್ದರಂತೆ. ನಾನು ತಡೆಯಲಾರದೆ, ಮುಂದೆ ಓದಲಿಲ್ಲವೆಂದು ಬೇಸರವಾಗಲಿಲ್ಲವೆ ಎಂದೆ. "ಇತ್ತು. ಹತ್ತು ವರ್ಷ ಇತ್ತು. ಆಮೇಲೆ ಬಿಡುವಾಗಲಿಲ್ಲ" ಎಂದರು, ಲೆಕ್ಕದ ಉತ್ತರ ಹೇಳಿದ ಹಾಗೆ.

27ನೆಯವನು ಬಿಡಲಿಲ್ಲ. ಹುದ್ದೆಯ ಕಾಲಮ್ಮಿನಲ್ಲಿ ಏನು ಬರೆಯಲಿ ಎಂದು ಕೇಳಿದ.

"ಅದನ್ನು ಖಾಲಿ ಬಿಡಿ" ಎಂದರು. ಸ್ವಲ್ಪ ತಡೆದು, "ಷರಾದಲ್ಲಿ, ಎಂ.ಎಸ್ಸಿ.ಗೆ ಸೀಟು ಸಿಕ್ಕಿತ್ತು ಎಂದು ಬರೆದುಕೊಳ್ಳಿ. ಕಾಗದ ಇದೆ ನನ್ನ ಹತ್ತಿರ."

ಅವನು ಬರೆದುಕೊಂಡ, ನಾನು ನೋಡಿದೆ, ಕೆಂಪು ಮಸಿಯಲ್ಲಿ.

ಈಗ ಉಳಿದಿರುವುದು 7ನೆಯದು. ಗಂಡನಿಗೆ ಭಿಲಾಯಿಯ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸವಾಗಿ ಅಲ್ಲಿಗೆ ಹೋದವರು. ಅಲ್ಲಿಂದ 2ನೆಯವರಿಗೆ ಕೊನೆಯ ಇನ್‌ಲ್ಯಾಂಡು ಬಂದದ್ದು 1974ರ ದೀಪಾವಳಿಯಲ್ಲಿ. ಮೂಲೆಯಲ್ಲಿ ವಿಳಾಸ ಬದಲಾಗುತ್ತದೆ, ಹೊಸದನ್ನು ಬರೆಯುತ್ತೇನೆ ಎಂದಿತ್ತಂತೆ.