ಪಿತೃಗಳು ಕಾಣದ ಖಾರ

ದಾವಣಗೆರೆಯವರಿಗೆ ಹೊತ್ತು ಇಳಿಯಿತೆಂದು ತಿಳಿಯಲು ಗಡಿಯಾರ ಬೇಕಿಲ್ಲ. ನಮ್ಮ ಪಿ.ಜೆ. ಬಡಾವಣೆಯ ತಿರುವಿನಲ್ಲಿ ಮಿರ್ಚಿ ಕರಿಯುವ ಘಾಟು ಮೂಗಿಗೆ ಬಡಿದರೆ ಸಾಯಂಕಾಲವಾಯಿತೆಂದೇ ಅರ್ಥ. ಮಂಡಕ್ಕಿಯ ಮೇಲೆ ಬಿಸಿ ಮಿರ್ಚಿಯಿಟ್ಟು ಕೊಟ್ಟರೆ, ರಾಜಕೀಯವನ್ನೂ ಅಳಿಯನ ಸಂಬಳವನ್ನೂ ಒಂದೇ ಉಸಿರಿನಲ್ಲಿ ಚರ್ಚಿಸುವ ಶಕ್ತಿ ನಮಗೆ ಬರುತ್ತದೆ. ಇದು ಅನಾದಿಯಿಂದ ನಮ್ಮದೇ ತಿಂಡಿಯೆಂದು ಊರಿನ ನಂಬಿಕೆ.

ಆದರೆ ಮೆಣಸಿನಕಾಯಿ ನಮ್ಮದಲ್ಲ, ಸ್ವಾಮಿ. ಅದರ ತವರು ಮೆಕ್ಸಿಕೋದ ಕಡೆ. ಕೊಲಂಬಸನ ತರುವಾಯ, ಹದಿನಾರನೆಯ ಶತಮಾನದಲ್ಲಿ, ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಪಡುಗಡಲ ತೀರಕ್ಕೆ ಬಂದಿಳಿಯಿತು. ನಮ್ಮವರು ಮೆಣಸಿನ ಹೆಸರನ್ನೇ ತಗಲಿಸಿ ಅದನ್ನು ಮನೆಯೊಳಗೆ ಕರೆದುಕೊಂಡರು. ಜಿಲ್ಲೆಯ ಹೊಲಗಳನ್ನು ತುಂಬಿರುವ ಮೆಕ್ಕೆಜೋಳವೂ ಆ ಕಡೆಯದೇ. ಮುಸುಕಿನ ಜೋಳವೆಂದೂ ಅದನ್ನು ಕರೆಯುತ್ತಾರೆ. ತವರನ್ನು ಮರೆಸಿಕೊಂಡು ಬಂದದ್ದಕ್ಕೆ ಒಪ್ಪುವ ಹೆಸರು. ಚಿಲ್ಲಿ, ಟೊಮ್ಯಾಟೊ ಎಂಬ ಮಾತುಗಳೂ ಅಜ್ಟೆಕರ ನಾವಾಟಲ್ ಭಾಷೆಯಿಂದ ಹೊರಟವು.

ಆ ಜನರ ಗತಿ ಏನಾಯಿತು? 1519ರ ನವೆಂಬರಿನಲ್ಲಿ ಸ್ಪೇನಿನ ಕೋರ್ಟೆಸ್ ಕೆಲವು ನೂರು ಜನ ಸ್ವದೇಶಿಯರೊಡನೆ, ಸರೋವರದ ನಡುವೆ ಕಟ್ಟಿದ ಅವರ ರಾಜಧಾನಿ ಟೆನೋಚ್‌ಟಿಟ್ಲಾನನ್ನು ಹೊಕ್ಕ. ದೊರೆ ಮೊಕ್ತೆಜುಮಾ ಅವನನ್ನು ಅತಿಥಿಯಾಗಿ ಬರಮಾಡಿಕೊಂಡ. 1520ರಲ್ಲಿ ಸಿಡುಬು ಹೊಕ್ಕಿತು. ನಮಗದು ಹಳೆಯ ಪಿಡುಗು. ಅವರ ಮೈಗೆ ಹೊಸದು. 1521ರ ಆಗಸ್ಟ್ 13ರಂದು ನಗರ ಬಿದ್ದಿತು. ಕೋವಿ ಕುದುರೆಗಳೇ ಗೆದ್ದವೆನ್ನುವವರುಂಟು. ಆದರೆ ಅಜ್ಟೆಕರ ಮೇಲೆ ಹಗೆಯಿದ್ದ ತ್ಲಾಶ್ಕಾಲದವರೇ ಮೊದಲಾದ ನೆರೆಯವರು ಸಾವಿರಗಟ್ಟಲೆ ಕೋರ್ಟೆಸನ ಪಕ್ಕ ನಿಂತಿದ್ದರು.

ಅದೇ 1520ರಲ್ಲಿ ನಮ್ಮ ಕೃಷ್ಣದೇವರಾಯ ರಾಯಚೂರನ್ನು ಗೆದ್ದ. ಅವನ ಕಡೆಯೂ ಕೆಲವರು ಪೋರ್ಚುಗೀಸ್ ಕೋವಿಕಾರರಿದ್ದರು. ಆ ಸುಮಾರಿಗೇ ಪಾಯೆಸ್ ಎಂಬ ಪೋರ್ಚುಗೀಸ್ ಪ್ರವಾಸಿ ವಿಜಯನಗರವನ್ನು ಕಂಡು ಬೆರಗಾದ. ಇಲ್ಲಿ ಪರಂಗಿಯವರು ಕುದುರೆ ಮಾರಿ ಹೋದರು. ಅಲ್ಲಿ ಕುದುರೆಯೇರಿ ಬಂದವರು ಹೋಗಲೇ ಇಲ್ಲ. ಆದರೂ 1565ರಲ್ಲಿ ನಮ್ಮ ನಗರವೂ ಹಾಳಾಯಿತು. ಇಲ್ಲಿಯೂ ಮುಳುವಾದದ್ದು ನೆರೆಯವರು ಒಂದಾದದ್ದೇ.

ಮೆಣಸಿನಕಾಯಿ ಕಾಲಿಡುವ ಮುಂಚಿನ ಕಾಲ ನಮ್ಮ ಮನೆಗೆ ವರ್ಷಕ್ಕೊಮ್ಮೆ ಮರಳುತ್ತದೆ, ಅಮ್ಮನ ಶ್ರಾದ್ಧದ ದಿನ. ಆ ಅಡಿಗೆಗೆ ಮೆಣಸಿನಕಾಯಿ ಇಲ್ಲ, ಟೊಮ್ಯಾಟೊ ಇಲ್ಲ, ಆಲೂಗಡ್ಡೆ ಇಲ್ಲ, ಖಾರಕ್ಕೆ ಕಾಳುಮೆಣಸೊಂದೇ. ಅಮ್ಮನಿಗೋ ಮೆಣಸಿನಕಾಯಿಯೆಂದರೆ ಪ್ರಾಣ. ಕಡೆಯ ದಿನಗಳಲ್ಲಿ ವೈದ್ಯರು ಖಾರ ಬೇಡವೆಂದಾಗಲೂ ಬೆರಳ ತುದಿಗೆ ಕೆಂಪು ಚಟ್ನಿ ಹಚ್ಚಿಕೊಂಡು ನಾಲಗೆಗೆ ತಾಕಿಸುತ್ತಿದ್ದಳು.

ಒಂದು ವರ್ಷ ಪುರೋಹಿತರನ್ನು ಕೇಳಿಯೇಬಿಟ್ಟೆ: "ಆಚಾರ್ಯರೇ, ಎಲೆಯ ತುದಿಗೆ ಒಂದಿಷ್ಟು ಚಟ್ನಿ ಬಡಿಸಿದರೆ?"

ಅವರು ಗದರಲಿಲ್ಲ. "ನಿಮ್ಮ ತಾಯಿಗೆ ಅದರ ರುಚಿ ಗೊತ್ತು, ಸರಿ. ಆದರೆ ಅವರೊಬ್ಬರೇ ಬರುವುದಿಲ್ಲವಲ್ಲ. ಹಿಂದಿನವರೂ ಜೊತೆಗಿರುತ್ತಾರೆ," ಎಂದರು.

ನಾವು ಕರೆಯುವುದು ಮೂರು ತಲೆಮಾರಿನವರನ್ನು, ಮೂವರೂ ಮೆಣಸಿನಕಾಯಿ ಉಂಡವರೇ ಎಂದು ಲೆಕ್ಕ ಹೇಳಬಹುದಿತ್ತು. ಹೇಳಲಿಲ್ಲ. ಐನೂರು ವರ್ಷ ಅಡಿಗೆಮನೆಯನ್ನು ಆಳಿದ ವಸ್ತುವನ್ನು ಒಂದು ದಿನ ಹೊಸಲಿನಾಚೆ ನಿಲ್ಲಿಸುವ ಆ ನೆನಪಿನ ಬಿಗಿಗೆ ಮನಸ್ಸು ತಲೆಬಾಗಿತು.

ಮೆಕ್ಸಿಕೋದಲ್ಲೂ ನವೆಂಬರಿನ ಮೊದಲ ಎರಡು ದಿನ ಸತ್ತವರಿಗೆ ಎಡೆಯಿಡುತ್ತಾರೆ. ಹೋದವರಿಗೆ ಏನು ಪ್ರಿಯವೋ ಅದೇ ಅಲ್ಲಿ ಎಡೆ: ಮೆಣಸಿನಕಾಯಿ ಅರೆದು ಮಾಡಿದ ಮೋಲೆ, ಮೆಕ್ಕೆಜೋಳದ ತಮಾಲೆ. ಗೆದ್ದವರು ಗುಡಿಯನ್ನು ಕೆಡವಿದರು, ಅರಮನೆಯನ್ನು ನೆಲಸಮ ಮಾಡಿ ಅದರ ಮೇಲೆ ತಮ್ಮ ನಗರವನ್ನು ಕಟ್ಟಿದರು. ಸೋತವರ ಒಲೆಯನ್ನು ಆರಿಸಲಾಗಲಿಲ್ಲ. ನಾವಾಟಲ್ ನುಡಿಯುವವರು ಇಂದಿಗೂ ಹತ್ತು ಲಕ್ಷಕ್ಕೆ ಮೇಲಿದ್ದಾರೆ. ನನ್ನ ತಾಯಿ ಎಂದಾದರೂ ದಾರಿ ತಪ್ಪಿ ಅತ್ತ ಹೋದರೆ, ಬಾಯಿ ಸಪ್ಪೆ ಮಾಡಿಕೊಂಡು ಬರಲಾರಳು.