ತಿದ್ದುವ ಕೈ ಯಾರದು?

ನಾನು ಹುಟ್ಟಿದ್ದು ರಾಗಿ ಕುಯ್ಲಿನಲ್ಲಿ ಅಂತ ಅವ್ವ ಹೇಳ್ತಿದ್ದಳು. ಮೇಷ್ಟ್ರು ದಾಖಲಾತಿ ಪುಸ್ತಕದಲ್ಲಿ ಜೂನ್ 1 ಅಂತ ಬರೆದರು. ಕೇರಿಯ ಮಕ್ಕಳೆಲ್ಲ ಜೂನ್ 1ಕ್ಕೇ ಹುಟ್ಟಿದೆವು! ಸುಳ್ಳೇ ಇರಲಿ, ಬರೆದ ಕೈ ಕಣ್ಣಿಗೆ ಕಾಣುತ್ತಿತ್ತು, ಹೋಗಿ ಕೇಳಬಹುದಿತ್ತು.

ಈಗ ನಾನೇ ಮೇಷ್ಟ್ರು. 2022–23ರಿಂದ ಒಂದೊಂದು ಮಗುವಿನ ವಿವರವೂ ಯುಡೈಸ್ ಪ್ಲಸ್ ಮೂಲಕ ಕೇಂದ್ರ ಸರ್ಕಾರದ ಕಂಪ್ಯೂಟರಿಗೆ ಹೋಗುತ್ತದೆ. 2023ರಲ್ಲಿ ಅಪಾರ್ ಬಂತು: ಮಗುವಿಗೊಂದು 12 ಅಂಕಿಯ ನಂಬರು. ಶಾಲೆಯ ಹೆಸರು ಆಧಾರಿನ ಹೆಸರಿಗೆ ತಾಳೆಯಾಗದಿದ್ದರೆ ಆ ನಂಬರು ಹುಟ್ಟುವುದಿಲ್ಲ.

ಮೊನ್ನೆ ಕೂಲಿಯ ತಾಯಿಯೊಬ್ಬಳು ಬಂದಳು. ಮಗಳು ಪುಸ್ತಕದಲ್ಲಿ ಮಾದೇವಿ, ಆಧಾರಿನಲ್ಲಿ ಮಹದೇವಮ್ಮ.

"ಎಲ್ಡೂ ನನ್ ಮಗಳೇ ಕಣ್ ಸಾ, ನೀವೇ ತಿದ್ಬುಡಿ."

ಆಧಾರು ತಿದ್ದುವ ಅಧಿಕಾರ ನನ್ನ ಪೆನ್ನಿಗಿಲ್ಲ. ಅದಕ್ಕೆ ತಾಲ್ಲೂಕಿಗೆ ಹೋಗಬೇಕು. ಒಂದು ದಿನದ ಕೂಲಿ ಹೋಯ್ತು.

ಒಪ್ಪಿಗೆ ಪತ್ರ ತೆಗೆದೆ. ಅಪಾರ್ ಕಡ್ಡಾಯವಲ್ಲ, ತಂದೆತಾಯಿ ಬೇಡ ಅನ್ನಬಹುದು. ಅದನ್ನು ಹೇಳುವ ಮೊದಲೇ ಅವಳು ಹೆಬ್ಬೆಟ್ಟು ಚಾಚಿದಳು. ಅವತ್ತು ನಮ್ಮವ್ವನೂ ಹೀಗೇ ಚಾಚಿದ್ದಳು.

ಮಸಿ ಡಬ್ಬಿ ಮುಚ್ಚಿದೆ. "ಕೂತ್ಕಳವ್ವ, ಮೊದ್ಲು ಓದಿ ಹೇಳ್ತೀನಿ" ಅಂದೆ.

ಮೇಷ್ಟ್ರುಗಳೇ, ಗೆಳೆಯರೇ, ನಮ್ಮ ಕೈಯಲ್ಲಿ ಇನ್ನೂ ಉಳಿದಿರುವುದು ಇಷ್ಟು. ಇದನ್ನಾದರೂ ಬಿಡುವುದು ಬೇಡ.